ಮುದಿ ಹೇಂಟೆಯ ಸದುಪಯೋಗ: ನುಗ್ಗೆಸೊಪ್ಪು, ಪರಂಗಿಕಾಯಿಗಳ ಕೋಳಿಸಾರು

ಫಿಲಿಪ್ಪೀನ್ಸ್ ದ್ವೀಪಗಳಲ್ಲಿರುವ ಅಂತರರಾಷ್ಟ್ರೀಯ ಭತ್ತ ಸಂಶೋಧನ ಸಂಸ್ಥೆಯಿಂದ 1966ರಲ್ಲಿ ಐ.ಆರ್. 8 ಎಂಬ ತಳಿಯು ಹೊರಬಂದು ನಮ್ಮ ದೇಶದ ಗದ್ದೆಗಳಿಗೂ ಹಬ್ಬಿದ ಸಂಗತಿಯು ಹಿರಿಯ ಸಾಗುವಳಿದಾರರಿಗೆ ವಿದಿತವಾಗಿಯೇ ಇದೆ. ಅದೇ ದ್ವೀಪಗಳ ಗೃಹಿಣಿಯರಿಂದ ನಾವು ಕಲಿಯತಕ್ಕ ಇನ್ನೊಂದು ವಿಷಯವುಂಟು. ಅದು ‘ತಿನೋಲಾ’ ಎಂಬ ಕೋಳಿಸಾರು. ಶುಂಠಿ, ಎಳೆಯ ಪರಂಗಿಕಾಯಿ ಅಂದರೆ ಪಪ್ಪಾಯಿ, ನುಗ್ಗೆಸೊಪ್ಪು ಇವೇ ಅದರ ಮುಖ್ಯ ಸಾಮಗ್ರಿಗಳು. ಅಲ್ಲಿ ಇದನ್ನು ಬಾಣಂತಿಯರಿಗೂ ರೋಗದಿಂದೆದ್ದವರಿಗೂ ವಿಶೇಷವಾಗಿ ಕೊಡುವರು.

ಅಂಕೋಲೆ ತಾಲೂಕಿನ ಶೆಟಗೇರಿಯಂಥ ಗ್ರಾಮದಲ್ಲಿ ಈ ಸಾಮಗ್ರಿಗಳಿಗಾಗಿ ಪೇಟೆಗೆ ಹೋಗಬೇಕಾದುದಿಲ್ಲ, ಹಿತ್ತಲೇ ಸಾಕು. ತೆಂಗಿನಕಾಯಿ, ಮಸಾಲೆ ಅರೆದು ಮಾಡುವ ನಮ್ಮ ಕೋಳಿಯ ಅಡಿಗೆಯು ರುಚಿಕರವೇ ಸರಿ. ಆದರೆ ಸಣ್ಣ ಮಕ್ಕಳಿಗೂ ಜ್ವರದಿಂದೆದ್ದವರಿಗೂ ಅದು ಖಾರವಾಗುವುದು. ಮೊಟ್ಟೆ ನಿಲ್ಲಿಸಿದ ಮುದಿ ಹೇಂಟೆಯನ್ನು ಮಾಂಸ ಗಟ್ಟಿಯೆಂದು ಅಗ್ಗಕ್ಕೆ ಮಾರುವುದುಂಟು. ವಾಸ್ತವವಾಗಿ ಸಾರಿಗೆ ಅಂಥ ಹೇಂಟೆಯೇ ಉತ್ತಮ. ವಯಸ್ಸಾದ ಹಕ್ಕಿಯ ಸ್ನಾಯುಗಳನ್ನು ಬಿಗಿದಿರುವ ನಾರಿನಂಥ ಅಂಶವು ಮಂದಾಗ್ನಿಯಲ್ಲಿ ನಿಧಾನವಾಗಿ ಕರಗಿ ಸಾರಿಗೆ ಸಾಂದ್ರತೆಯನ್ನೂ ರುಚಿಯನ್ನೂ ಕೊಡುವುದು.

ಮಾಡುವ ಕ್ರಮ: ಸುಮಾರು ಒಂದು ಕಿಲೋ ಮಾಂಸಕ್ಕೆ ಸಿಪ್ಪೆಸಹಿತ ಅರೆದ ಎಳೆಯ ಪರಂಗಿಕಾಯಿಯನ್ನು ಒಂದು ಚಮಚದಷ್ಟು ಸವರಿ ಅರ್ಧ ಗಂಟೆ ಇಡಬೇಕು. ಕಾಯಿಯ ಹಾಲಿನಲ್ಲಿರುವ ಪಪೇನ್ ಎಂಬ ಪದಾರ್ಥವು ಮಾಂಸವನ್ನು ಮೆದುಗೊಳಿಸುವುದು. ಬಹಳ ಹೊತ್ತು ಬಿಟ್ಟರೆ ಮಾಂಸ ಹಿಟ್ಟಾಗುವುದು. ಬಳಿಕ ಪಾತ್ರೆಯಲ್ಲಿ ಸ್ವಲ್ಪ ತೆಂಗಿನೆಣ್ಣೆ ಕಾಯಿಸಿ, ಒಂದು ಈರುಳ್ಳಿ, ನಾಲ್ಕೈದು ಎಸಳು ಬೆಳ್ಳುಳ್ಳಿ, ಎರಡು ಬೆರಳುದ್ದದ ಶುಂಠಿ ಇವುಗಳನ್ನು ಹೆಚ್ಚಿ ಬಾಡಿಸಿ, ಮಾಂಸವನ್ನು ಹಾಕಿ ಮಗುಚಿ, ಎರಡು ಲೀಟರು ನೀರು ಹೊಯ್ಯಬೇಕು. ಕುದಿ ಬಂದೊಡನೆ ನೊರೆಯನ್ನು ತೆಗೆದು, ಉರಿಯನ್ನು ತಗ್ಗಿಸಿ, ಮುಚ್ಚಳವಿಟ್ಟು ಒಂದೂವರೆಯಿಂದ ಎರಡು ಗಂಟೆ ಬೇಯಿಸತಕ್ಕದ್ದು. ಮಾಂಸ ಮೆತ್ತಗಾದ ಮೇಲೆ ಪರಂಗಿಕಾಯಿಯ ಹೋಳುಗಳನ್ನು ಹಾಕಿ ಇನ್ನು ಹದಿನೈದು ನಿಮಿಷ ಬೇಯಿಸಬೇಕು. ಫಿಲಿಪ್ಪೀನ್ಸಿನವರು ಉಪ್ಪಿಗೆ ಬದಲಾಗಿ ಮೀನಿನ ರಸವನ್ನು ಸೇರಿಸುವರು; ನಮಗೆ ಉಪ್ಪೂ ಕಾಳುಮೆಣಸಿನ ಪುಡಿಯೂ ಸಾಕು. ಕೊನೆಗೆ ಎರಡು ಹಿಡಿ ನುಗ್ಗೆಸೊಪ್ಪನ್ನು ಹಾಕಿ ಒಂದೆರಡು ನಿಮಿಷದಲ್ಲೇ ಇಳಿಸಬೇಕು. ಹೆಚ್ಚು ಬೆಂದರೆ ಸೊಪ್ಪಿನ ಬಣ್ಣವೂ ಕೆಡುವುದು, ಸತ್ತ್ವವೂ ಕುಂದುವುದು. ಕುಚ್ಚಲಕ್ಕಿಯ ಅನ್ನದೊಡನೆ ಇದು ಚೆನ್ನಾಗಿ ಹೊಂದುವುದು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಹೇಳಲೇಬೇಕಾಗಿದೆ. ಸತ್ತ್ವವೆಲ್ಲ ತಿಳಿಯಲ್ಲಿ ಇಳಿದಿರುವುದೆಂದು ಭಾವಿಸಿ, ಮಗುವಿಗೆ ಬರಿಯ ತಿಳಿಯನ್ನು ಕುಡಿಸಿ ಮಾಂಸವನ್ನು ದೊಡ್ಡವರು ತಿನ್ನುವುದುಂಟು. ಇದು ಸರಿಯಲ್ಲ. ಮೈ ಬೆಳೆಸುವ ಅಂಶದ ಹೆಚ್ಚಿನ ಭಾಗವು ಮಾಂಸದಲ್ಲಿಯೇ ಉಳಿದಿರುವುದು. ಸುಣ್ಣದಂಶ, ಕಬ್ಬಿಣದಂಶ, ಕಣ್ಣಿಗೆ ಬೇಕಾದ ಅಂಶಗಳು ಸೊಪ್ಪಿನಲ್ಲಿರುವುವು. ಆದುದರಿಂದ ಮಾಂಸವನ್ನು ಎಲುಬಿನಿಂದ ಬಿಡಿಸಿ, ಚೆನ್ನಾಗಿ ಹಿಸುಕಿ, ಸೊಪ್ಪಿನೊಡನೆಯೇ ಮಗುವಿಗೆ ಉಣ್ಣಿಸಬೇಕು. ಗರ್ಭಿಣಿಯರಿಗಾದರೋ ಎಳೆಯ ಪರಂಗಿಕಾಯಿಯು ವರ್ಜ್ಯ. ಅವರಿಗೆ ಮಾಂಸಕ್ಕೆ ಸವರುವುದನ್ನೂ ಬಿಟ್ಟು, ಸೋರೆಕಾಯಿಯನ್ನೋ ಸೀಮೆಬದನೆಯನ್ನೋ ಹಾಕತಕ್ಕದ್ದು.

ತೂಕಡಿಸುವ, ಹಸಿರು ಭೇದಿಯಾಗುವ, ಕತ್ತು ತಿರುಚುವ ಕೋಳಿಯನ್ನಾಗಲಿ ಸತ್ತುಬಿದ್ದ ಕೋಳಿಯನ್ನಾಗಲಿ ಅಡಿಗೆಗೆ ಎಂದಿಗೂ ತರಕೂಡದು. ರಾಣಿಖೇತ್ ರೋಗವನ್ನು ತಡೆಯಲು ಮರಿಗಳಿಗೆ ಮೊದಲ ವಾರದಲ್ಲಿ ಹನಿ ಲಸಿಕೆಯನ್ನೂ, ಆರರಿಂದ ಎಂಟನೆಯ ವಾರದೊಳಗೆ ಚುಚ್ಚುಮದ್ದನ್ನೂ ಪಶುವೈದ್ಯರ ಸಲಹೆಯಂತೆ ಹಾಕಿಸಬೇಕು.

ಗ್ರಾಮದ ಮುಖಂಡರಲ್ಲಿಯೂ ಜಮೀನುದಾರರಲ್ಲಿಯೂ ನಮ್ಮ ವಿನಂತಿಯೇನೆಂದರೆ: ತಮ್ಮ ಹಿತ್ತಲಿನ ನುಗ್ಗೆಯ ಗೆಲ್ಲುಗಳನ್ನು ಸುಮಾರು ಒಂದು ಮೀಟರಿನಷ್ಟು ಕಡಿದು ನೆರೆಯ ಕೂಲಿಕಾರರ ಮನೆಗಳಿಗೆ ಹಂಚಿರಿ. ನಮ್ಮ ಮಳೆಗೆ ನುಗ್ಗೆಯೂ ಪರಂಗಿಯೂ ಬುಡ ಕೊಳೆಯುವ ಗಿಡಗಳಾದ ಕಾರಣ, ನೀರು ನಿಲ್ಲದ ಎತ್ತರದ ದಿಬ್ಬದಲ್ಲಿ ನೆಡಿಸಿರಿ. ನುಗ್ಗೆಯನ್ನು ಎದೆಯೆತ್ತರಕ್ಕೆ ಸವರುತ್ತಿದ್ದರೆ ಸೊಪ್ಪು ಕೈಗೆಟಕುವಂತೆ ಚಿಗುರುವುದು. ಎರಡು ಗಿಡ, ನಾಲ್ಕು ಹೇಂಟೆಗಳಿರುವ ಮನೆಯಲ್ಲಿ ಮಗುವಿನ ಪುಷ್ಟಿಗೆ ಬೇಕಾದುದರಲ್ಲಿ ಬಹುಪಾಲು ಹಿತ್ತಲಲ್ಲಿಯೇ ದೊರೆಯುವುದು.