ದೇವರು ಕೊಟ್ಟಷ್ಟೂ ಹೆರಬೇಕೇ?

ಪವಿತ್ರ ಕುಟುಂಬದ ಹಬ್ಬ ಬಂದಾಗ ತಾಯಂದಿರು ಮೆಲ್ಲಗೆ ಕೇಳುವ ಪ್ರಶ್ನೆಯಿದು. ಹಾಗೆಂದು ಧರ್ಮಸಭೆ ಹೇಳುವುದಿಲ್ಲ. ಜಗದ್ಗುರು ಆರನೇ ಪೌಲರ 1968ರ 'ಹುಮಾನೆ ವೀಟೆ' ವಿಶ್ವಪತ್ರದ ಪ್ರಕಾರ, ಆರೋಗ್ಯ, ಬಡತನದಂಥ ಗಂಭೀರ ಕಾರಣವಿದ್ದರೆ ದಂಪತಿಗಳು ಹೆರಿಗೆಗಳ ನಡುವೆ ಅಂತರವಿಡಬಹುದು. ಗರ್ಭ ತಡೆಯಲೆಂದೇ ಬಳಸುವ ಗುಳಿಗೆ, ಕಾಂಡೋಮ್, ಆಪರೇಷನ್ನನ್ನು ಅದು ಒಪ್ಪದು. ಗರ್ಭ ನಿಲ್ಲುವ ದಿನಗಳಲ್ಲಿ ಇಬ್ಬರೂ ಸಂಯಮದಿಂದಿರುವುದನ್ನು ಒಪ್ಪುತ್ತದೆ.

ಈ ಲೆಕ್ಕ ನಮ್ಮ ನಾಡಿಗೆ ಹೊಸದೇನಲ್ಲ. 1950ರ ದಶಕದ ಆರಂಭದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ರಾಮನಗರದಲ್ಲಿ ಇದರ ಪ್ರಯೋಗ ನಡೆಯಿತು. ಫಲ ಮಾತ್ರ ಅಷ್ಟಕ್ಕಷ್ಟೆ. ಬರೀ ದಿನ ಎಣಿಸಿದರೆ ಸಾಲದು. ಬಿಲ್ಲಿಂಗ್ಸ್ ವಿಧಾನ ದೇಹದ ಲಕ್ಷಣಗಳನ್ನೇ ನೋಡುತ್ತದೆ. ಆದರೆ ಗಂಡ ಒಪ್ಪದಿದ್ದರೆ ಅದೂ ನಡೆಯದು. ಸಂಯಮದ ಬೋಧನೆ ಹೆಂಗಸರಿಗಷ್ಟೇ ಮಾಡುವುದು ನನಗೆ ಸರಿಯೆನಿಸದು.

ಆಪರೇಷನ್ ಮಾಡಿಸಿಕೊಂಡು, ಅಳುಕಿನಿಂದ ಪರಮಪ್ರಸಾದಕ್ಕೆ ದೂರ ಉಳಿದವರು ಪಾಪನಿವೇದನೆಗೆ ಬನ್ನಿ. ಬಾಗಿಲು ತೆರೆದಿದೆ.