ನೆಲಕ್ಕೆ ಹಿಡಿದ ನಾಯಿ-ಬೆಕ್ಕಿನ ಮೂತ್ರದ ವಾಸನೆ: ನಿವಾರಣೆ ಹೇಗೆ?

ದವಸ ಕಾಯಲು ಬೆಕ್ಕು, ಮನೆ ಕಾಯಲು ನಾಯಿ ಅನೇಕ ರೈತರ ಮನೆಗಳಲ್ಲಿ ಇರುತ್ತವೆ. ಮಳೆಗಾಲದ ರಾತ್ರಿ ಮೇಕೆಮರಿಗಳನ್ನೂ ಒಳಗೆ ಕಟ್ಟುವುದುಂಟು. ಇವು ನೆಲದ ಮೇಲೆ ಮೂತ್ರ ಮಾಡಿದರೆ ನೀರು ಸುರಿದು, ಫಿನಾಯಿಲ್ ಹಾಕಿ ಒರೆಸುವುದು ರೂಢಿ. ಎರಡು ದಿನ ವಾಸನೆ ಅಡಗುತ್ತದೆ. ಮೋಡ ಕವಿದೊಡನೆ ಮತ್ತೆ ಏಳುತ್ತದೆ.

ಇದಕ್ಕೆ ಕಾರಣವಿದೆ. ಮೂತ್ರದಲ್ಲಿರುವ ಯೂರಿಯಾ (ನಾವು ಹೊಲಕ್ಕೆ ಹಾಕುವ ಯೂರಿಯಾ ಸಹ ಇದೇ ವಸ್ತು) ಸೂಕ್ಷ್ಮಜೀವಿಗಳಿಂದ ಒಡೆದು ಅಮೋನಿಯ ಆಗುತ್ತದೆ. ಕಣ್ಣು ಉರಿಸುವ ಘಾಟು ಇದರದೇ. ನೆಲದ ಸಂದುಗಳಲ್ಲಿ ಇಂಗಿ ಒಣಗಿದ ಲವಣಗಳು ತೇವ ಹೀರಿದಾಗಲೆಲ್ಲ ವಾಸನೆ ಕೊಡುತ್ತವೆ. ಫಿನಾಯಿಲ್ ಇವನ್ನು ತೆಗೆಯುವುದಿಲ್ಲ, ಮರೆಸುತ್ತದೆ ಅಷ್ಟೆ. ವಾಸನೆ ಉಳಿದ ಜಾಗಕ್ಕೇ ಪ್ರಾಣಿ ಮರಳಿ ಬರುತ್ತದೆ. ಬೆಕ್ಕಿರುವ ಮನೆಗೆ ಫಿನಾಯಿಲ್ ಒಳ್ಳೆಯದೂ ಅಲ್ಲ. ಪಾದ ನೆಕ್ಕುವ ಬೆಕ್ಕಿಗೆ ಅದು ವಿಷ.

ಮೂತ್ರ ಹಸಿಯಿರುವಾಗಲೇ ಹಳೆಯ ಬಟ್ಟೆಯನ್ನಾಗಲಿ ಬೂದಿಯನ್ನಾಗಲಿ ಹಾಕಿ ಹೀರಿಸಬೇಕು. ಉಜ್ಜಿದರೆ ಹರಡುತ್ತದೆ. ನಂತರ ಸೋಪಿನ ನೀರಿನಿಂದ ತೊಳೆದು, ಆ ನೀರನ್ನೂ ಹೀರಿಸಿ ತೆಗೆಯಬೇಕು. ನಾಯಿ ಮತ್ತು ದನಗಳ ಮೂತ್ರದಿಂದಲೂ ಇಲಿಜ್ವರ ಹರಡಬಹುದಾದ್ದರಿಂದ ಕೈಯಲ್ಲಿ ಗಾಯವಿರುವವರು ರಬ್ಬರ್ ಕೈಚೀಲ ಧರಿಸಬೇಕು.

ಹಳೆಯ ಕಲೆಯಿರುವ ಸಿಮೆಂಟ್ ನೆಲಕ್ಕೆ ಔಷಧಿ ಅಂಗಡಿಯ ಹೈಡ್ರೋಜನ್ ಪೆರಾಕ್ಸೈಡ್ ಉಪಯುಕ್ತ. ಶೇ. 6ರ ದ್ರಾವಣವಿದ್ದರೆ ಅಷ್ಟೇ ನೀರು ಬೆರೆಸಿ ಶೇ. 3ಕ್ಕೆ ಇಳಿಸಬೇಕು. ಬಣ್ಣದ ನೆಲವಾದರೆ ಮೊದಲು ಮೂಲೆಯಲ್ಲಿ ಪರೀಕ್ಷಿಸಿ. ಅಡಿಗೆ ಸೋಡ ಉದುರಿಸಿ, ಮೇಲೆ ಈ ದ್ರಾವಣ ಸುರಿದು, ನೊರೆ ನಿಂತ ಮೇಲೆ ತೊಳೆಯಿರಿ. ಬೆರೆಸಿದ್ದನ್ನು ಬಾಟಲಿಯಲ್ಲಿ ಮುಚ್ಚಿಡಬಾರದು, ಸಿಡಿಯುತ್ತದೆ. ಪೇಟೆಯಲ್ಲಿ ಸಿಗುವ ಕಿಣ್ವದ ದ್ರವವೂ ಒಳ್ಳೆಯದೇ. ಆದರೆ ಸುರಿದ ತಕ್ಷಣ ಒರೆಸಿದರೆ ಹಣ ವ್ಯರ್ಥ. ಒದ್ದೆ ಬಟ್ಟೆ ಮುಚ್ಚಿ ಕೆಲವು ಗಂಟೆ ಬಿಡಬೇಕು.

ನಿಂಬೆರಸ, ಹುಣಿಸೆ, ವಿನೆಗರ್‌ಗಳನ್ನು ಶಹಾಬಾದ್ ಕಲ್ಲಿಗೆ ಹಾಕಬೇಡಿ. ಅದು ಸುಣ್ಣಕಲ್ಲಿನ ಜಾತಿ. ಹುಳಿ ತಾಗಿದರೆ ಹೊಳಪು ಹೋಗುತ್ತದೆ.

ಮಣ್ಣಿನ ನೆಲಕ್ಕೆ ಯಾವ ದ್ರಾವಣವೂ ಸಾಲದು. ವಾಸನೆ ಇಳಿದಷ್ಟು ಆಳಕ್ಕೆ ಮಣ್ಣು ಕೆತ್ತಿ ತಿಪ್ಪೆಗೆ ಹಾಕಿ, ಹೊಸ ಮಣ್ಣು ತುಂಬಿ, ದಮ್ಮಸ್ಸು ಮಾಡಿ ಸಾರಿಸಬೇಕು. ಮೇಲೆಯೇ ಸಾರಿಸಿದರೆ ವಾಸನೆ ಒಳಗೇ ಉಳಿಯುತ್ತದೆ.

ಎಚ್ಚರಿಕೆಯ ಮಾತೊಂದು: ಮೂತ್ರದ ಮೇಲೆ ನೇರವಾಗಿ ಬ್ಲೀಚಿಂಗ್ ಪುಡಿ ಹಾಕಬಾರದು. ಅಮೋನಿಯ ಸೇರಿ ವಿಷಾನಿಲ ಏಳುತ್ತದೆ. ಬ್ಲೀಚಿಂಗ್ ಪುಡಿಗೆ ಕಕ್ಕಸು ತೊಳೆಯುವ ಆಸಿಡ್ ಬೆರೆತರೆ ಕ್ಲೋರಿನ್ ಹೊರಬರುತ್ತದೆ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಇದು ಪ್ರಾಣಕ್ಕೇ ಅಪಾಯ. ಉಸಿರು ಕಟ್ಟಿದಂತಾದರೆ ಎಲ್ಲರೂ ಕೂಡಲೇ ಹೊರಗೆ ಬಂದು ವೈದ್ಯರನ್ನು ಕಾಣಬೇಕು.

ಚೆನ್ನಾಗಿ ಪಳಗಿದ ಪ್ರಾಣಿ ಇದ್ದಕ್ಕಿದ್ದಂತೆ ಒಳಗೆ ಮೂತ್ರ ಮಾಡತೊಡಗಿದರೆ ಹೊಡೆಯಬೇಡಿ, ರೋಗವಿರಬಹುದು. ಗಂಡು ಬೆಕ್ಕು ಪದೇಪದೇ ಕುಳಿತು ಮೂತ್ರ ಬಾರದೆ ತಿಣುಕುತ್ತಿದ್ದರೆ ಅದೇ ದಿನ ಪಶುವೈದ್ಯರಲ್ಲಿಗೆ ಒಯ್ಯಬೇಕು.