ಹಳೆಯ ಆಂಬುಲೆನ್ಸ್ ಉಪಕರಣಗಳು: ಅವುಗಳ ಬೆಲೆ ಮತ್ತು ಬಳಕೆ

ಹಳೆಯ ನಾಣ್ಯ, ಅಂಚೆಚೀಟಿಗಳನ್ನು ಕೂಡಿಡುವವರನ್ನು ನಾವೆಲ್ಲರೂ ಬಲ್ಲೆವು. ಗಾಯಾಳುಗಳನ್ನು ಹೊತ್ತ ಸ್ಟ್ರೆಚರು, ಮುರಿದ ಕಾಲಿಗೆ ಕಟ್ಟಿದ ದಬ್ಬೆ, ಔಷಧದ ತಗಡಿನ ಪೆಟ್ಟಿಗೆ ಇವುಗಳನ್ನೂ ಅಕ್ಕರೆಯಿಂದ ಸಂಗ್ರಹಿಸುವವರು ಇರುವರೆಂದರೆ ಕೆಲವು ವಾಚಕರಿಗೆ ವಿಸ್ಮಯವಾದೀತು. ಆದರೆ ಈ ವಸ್ತುಗಳ ಚರಿತ್ರೆಯನ್ನು ಅರಿತವರಿಗೆ ಆ ಅಕ್ಕರೆಯ ಕಾರಣವು ತಾನಾಗಿಯೇ ತಿಳಿಯುವುದು.

ಲಿವರ್‌ಪೂಲ್ ನಗರದ ವೈದ್ಯ ಹ್ಯೂ ಓವೆನ್ ಥಾಮಸ್ (1834–1891) ಎಂಬವರು ಮೂಳೆ ಕಟ್ಟುವವರ ವಂಶದಲ್ಲಿ ಹುಟ್ಟಿದವರು. ಕೀಲುಬೇನೆಯ ರೋಗಿಗಳಿಗಾಗಿ ಅವರು ಕಬ್ಬಿಣದ ಒಂದು ಆಸರೆಯನ್ನು ಕಲ್ಪಿಸಿದರು. ತೊಡೆಯ ಬುಡಕ್ಕೆ ಚರ್ಮ ಹೊದಿಸಿದ ಒಂದು ಬಳೆ, ಅದರ ಎರಡು ಮಗ್ಗುಲುಗಳಿಂದ ಪಾದದಾಚೆಗೆ ಚಾಚಿದ ಸರಳುಗಳು. ಇಷ್ಟೇ ಅದರ ರಚನೆ. ಮೊದಲನೆಯ ಮಹಾಯುದ್ಧದಲ್ಲಿ ಅವರ ಬಂಧುವೂ ಶಿಷ್ಯರೂ ಆದ ರಾಬರ್ಟ್ ಜೋನ್ಸರು ಇದನ್ನು ಬಳಕೆಗೆ ತಂದರು. ತೊಡೆಯೆಲುಬು ಮುರಿದಾಗ ಬಲವಾದ ಸ್ನಾಯುಗಳು ಮುರಿದ ತುದಿಗಳನ್ನು ಒಂದರ ಮೇಲೊಂದಕ್ಕೆ ಎಳೆಯುವುವು. ಒಳಗೇ ರಕ್ತ ಸುರಿಯುವುದು. ಕಾಲನ್ನು ನೀಳವಾಗಿ ಎಳೆದು ಸರಳಿಗೆ ಕಟ್ಟಿದರೆ ಈ ಎರಡೂ ತಗ್ಗುವುವು. ಯುದ್ಧದ ಮೊದಲ ವರ್ಷಗಳಲ್ಲಿ ಇಂತಹ ಗಾಯಾಳುಗಳಲ್ಲಿ ಬಹುಮಂದಿ ಸಾಯುತ್ತಿದ್ದರು. 1917ರ ಅರಾಸ್ ಕದನದಲ್ಲಿ, ಈ ಆಸರೆಯನ್ನು ಕಟ್ಟಿ ಸಾಗಿಸಿದಾಗ, ಮರಣವು ಶೇಕಡಾ ಸುಮಾರು 16ಕ್ಕೆ ಇಳಿಯಿತೆಂದು ಶಸ್ತ್ರವೈದ್ಯರು ಲೆಕ್ಕವಿಟ್ಟಿರುವರು. ಇಂದಿನ ಆಂಬುಲೆನ್ಸುಗಳಲ್ಲಿರುವ ಎಳೆತದ ಆಸರೆಗಳು ಇದರ ಸಂತತಿಯೇ.

ಜರ್ಮನಿಯ ಶಸ್ತ್ರವೈದ್ಯ ಎಸ್ಮಾರ್ಕರು (1823–1908) ಪ್ರಚಾರಗೊಳಿಸಿದ ತ್ರಿಕೋಣ ಪಟ್ಟಿಯೂ ಹೀಗೆಯೇ ಕೀರ್ತಿವೆತ್ತದ್ದು. ಕಟ್ಟುವ ಕ್ರಮವನ್ನು ಆ ಬಟ್ಟೆಯ ಮೇಲೆಯೇ ಚಿತ್ರವಾಗಿ ಅಚ್ಚುಹಾಕುತ್ತಿದ್ದುದರಿಂದ ಕಲಿಯದವನೂ ನೋಡಿ ಕಟ್ಟಬಹುದಾಗಿತ್ತು. 1877ರಲ್ಲಿ ಇಂಗ್ಲೆಂಡಿನಲ್ಲಿ ಸ್ಥಾಪಿತವಾದ ಸೇಂಟ್ ಜಾನ್ ಆಂಬುಲೆನ್ಸ್ ಸಂಘದ ಪಾಠಗಳಲ್ಲಿಯೂ ತ್ರಿಕೋಣ ಪಟ್ಟಿಗೆ ಮುಖ್ಯ ಸ್ಥಾನವಿದ್ದಿತು.

ಇಂತಹ ವಸ್ತುವಿನ ಬೆಲೆಯನ್ನು ಕೇವಲ ಪ್ರಾಚೀನತೆಯು ನಿಶ್ಚಯಿಸುವುದಿಲ್ಲ. ತಯಾರಕರ ಮುದ್ರೆ, ವರ್ಷ, ಮೂಲ ಬಣ್ಣ, ಪೆಟ್ಟಿಗೆಯೊಳಗಿನ ಸಾಮಾನುಗಳ ಪೂರ್ಣತೆ, ಯಾರು ಎಲ್ಲಿ ಬಳಸಿದರೆಂಬ ಕಾಗದಪತ್ರ ಇವೇ ಮುಖ್ಯ. ಆದುದರಿಂದ ತುಕ್ಕು ಕಂಡೊಡನೆ ಉಜ್ಜಿ ಹೊಸ ಬಣ್ಣ ಬಳಿಯುವುದು ಬೆಲೆಯನ್ನು ತಾವೇ ಅಳಿಸಿದಂತೆ. ಒಣಬಟ್ಟೆಯಿಂದ ಧೂಳನ್ನು ಒರೆಸಿ, ತೇವವಿಲ್ಲದೆಡೆ ಇಟ್ಟರೆ ಸಾಕು.

ಇನ್ನು ಉಪಯೋಗದ ಮಾತು. ಶುಚಿಯಾದ ಹತ್ತಿಬಟ್ಟೆಯ ತ್ರಿಕೋಣ ಪಟ್ಟಿಯು ಇಂದಿಗೂ ತೋಳನ್ನು ತೂಗಿಕಟ್ಟಲು ಒದಗುವುದು. ಆದರೆ ಎಲ್ಲ ವಸ್ತುಗಳೂ ಹೀಗಲ್ಲ. ಹಳೆಯ ರಬ್ಬರು ಸೆಟೆದು, ಎಳೆದಾಗ ಹರಿಯುವುದು. ರಕ್ತ ನಿಲ್ಲಿಸಲು ಅದನ್ನು ನಂಬಲಾಗದು. ಸ್ಟ್ರೆಚರಿನ ಕ್ಯಾನ್‌ವಾಸು ಕಣ್ಣಿಗೆ ಗಟ್ಟಿಯಾಗಿ ಕಂಡರೂ ನೂಲು ಜೀರ್ಣವಾಗಿರಬಹುದು. ಮೇಲೆ ಮನುಷ್ಯನನ್ನು ಮಲಗಿಸಿ ಪರೀಕ್ಷಿಸಬಾರದು. ಮೊಹರಿನ ಗಾಯಪಟ್ಟಿಗಳು ನಿರ್ಜಂತುವಾಗಿ ಉಳಿದಿರುವುದೆಂಬ ಭರವಸೆಯಿಲ್ಲ. ಪೆಟ್ಟಿಗೆಯಲ್ಲಿ ಮಾರ್ಫಿನ್ ಮೊದಲಾದ ಔಷಧಗಳು ಸಿಕ್ಕಿದರೆ ಮನೆಯಲ್ಲಿರಿಸದೆ ಅಧಿಕಾರಿಗಳಿಗೆ ತಿಳಿಸತಕ್ಕದ್ದು. ಪಾದರಸದ ಉಷ್ಣಮಾಪಕವನ್ನು ಮಕ್ಕಳ ಕೈಗೆ ಎಟುಕದಂತಿಡಬೇಕು.

ಒಟ್ಟಿನಲ್ಲಿ, ಹಳೆಯ ಪೆಟ್ಟಿಗೆಯು ಕಪಾಟಿನಲ್ಲಿ ಗೌರವದಿಂದಿರಲಿ. ಅಡುಗೆಮನೆಯ ಗೋಡೆಯಲ್ಲಿ ಹೊಸ ಪೆಟ್ಟಿಗೆಯೊಂದು ತೂಗಲಿ. ಒಂದು ನಮ್ಮ ಹಿರಿಯರು ಜೀವಗಳನ್ನು ಉಳಿಸಿದ ಬಗೆಯನ್ನು ಹೇಳುವುದು. ಇನ್ನೊಂದು ನಮ್ಮವರ ಜೀವವನ್ನು ಉಳಿಸುವುದು. ಇವೆರಡರ ಭೇದವನ್ನು ಮನೆಯ ಮಕ್ಕಳೂ ಅರಿತಿರುವುದು ಲೇಸು.